ಗಾಯಾಳುವಿನ ಮೊಕದ್ದಮೆ: ವಾಯಿದೆ ಕೇಳುವ ಮುನ್ನ ತಿಳಿದಿರಬೇಕಾದದ್ದು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡನಾಡಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಈ ಗಾದೆಯ ಹಿಂದಿರುವ ಕಹಿಗೆ ತೀರ್ಪುಗಳಿಗಿಂತ ಹೆಚ್ಚಾಗಿ ವಾಯಿದೆಗಳೇ ಕಾರಣ. ಅಪಘಾತದಲ್ಲಿ ಕೈಕಾಲು ಮುರಿದುಕೊಂಡು, ದುಡಿಮೆ ಕಳೆದುಕೊಂಡು, ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದವರಿಗೆ ಈ ಕಹಿ ಇನ್ನಷ್ಟು ಗಾಢವಾಗಿ ತಟ್ಟುತ್ತದೆ. ಊರುಗೋಲು ಹಿಡಿದು ಬಂದ ಗಾಯಾಳು ಸಂಜೆಯವರೆಗೆ ಕಾದು, ಮುಂದಿನ ತಾರೀಕನ್ನು ಬರೆದುಕೊಂಡು ಮನೆಗೆ ಮರಳುವ ದೃಶ್ಯ ರಾಜ್ಯದ ಯಾವುದೇ ನ್ಯಾಯಾಲಯದ ಆವರಣದಲ್ಲೂ ಅಪರೂಪವಲ್ಲ.

ಆದರೆ ಎಲ್ಲ ವಾಯಿದೆಗಳೂ ಒಂದೇ ಬಗೆಯವಲ್ಲ. ಗಾಯ ಇನ್ನೂ ಮಾಗದಿರುವಾಗ, ಶಸ್ತ್ರಚಿಕಿತ್ಸೆ ಬಾಕಿ ಇರುವಾಗ, ವೈದ್ಯರ ಸಾಕ್ಷ್ಯವಿಲ್ಲದೆ ವಿಚಾರಣೆ ಮುಗಿದುಹೋಗುವ ಭಯವಿರುವಾಗ ಕಾಲಾವಕಾಶ ಕೇಳುವುದು ಗಾಯಾಳುವಿನ ಹಿತರಕ್ಷಣೆಗೆ ಅಗತ್ಯವಾಗುತ್ತದೆ. ಅದೇ ವಾಯಿದೆ ಅಭ್ಯಾಸಬಲದಿಂದ ಬಂದರೆ ಗಾಯಾಳುವಿನ ಜೇಬಿಗೇ ಕತ್ತರಿ ಬೀಳುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿದೆ, ಕಾನೂನು ಏನು ಹೇಳುತ್ತದೆ, ಅರ್ಜಿ ಹೇಗಿರಬೇಕು ಎಂಬುದನ್ನು ಕಕ್ಷಿದಾರರು ತಿಳಿದಿರುವುದು ಒಳಿತು.

ವಿಚಾರಣೆ ನಡೆಯುವ ಸ್ಥಳ

ರಸ್ತೆ ಅಪಘಾತದ ಗಾಯಾಳುಗಳು ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. 1988ರ ಮೋಟಾರು ವಾಹನ ಕಾಯಿದೆಯ 165ನೇ ಕಲಮಿನ ಪ್ರಕಾರ ಈ ಮಂಡಳಿಗಳು ರಚನೆಯಾಗಿವೆ. 166ನೇ ಕಲಮಿನಡಿ ಅರ್ಜಿ ಸಲ್ಲಿಕೆಯಾಗುತ್ತದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಮಂಡಳಿಯ ಕೆಲಸವನ್ನೂ ನಿರ್ವಹಿಸುತ್ತಾರೆ. ಜಿಲ್ಲೆಗಳಲ್ಲಿ ಜಿಲ್ಲಾ ನ್ಯಾಯಾಧೀಶರು ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಈ ಪ್ರಕರಣಗಳು ಬರುತ್ತವೆ. ವಕೀಲರ ಬಾಯಲ್ಲಿ ಇವು 'ಎಂ.ವಿ.ಸಿ. ಕೇಸು'ಗಳು.

ಇಲ್ಲಿ ಗಾಯಾಳು ಅರ್ಜಿದಾರ. ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಎದುರುದಾರರು. ಕಾಯಿದೆಯ 169ನೇ ಕಲಮು ನ್ಯಾಯಮಂಡಳಿಗೆ ಸಂಕ್ಷಿಪ್ತ ವಿಚಾರಣಾ ಕ್ರಮ ಅನುಸರಿಸುವ ಸ್ವಾತಂತ್ರ್ಯ ನೀಡಿದೆ. ಸಾಕ್ಷಿಗಳನ್ನು ಕರೆಸುವ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ, ದಾಖಲೆ ತರಿಸುವ ವಿಷಯದಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸಿವಿಲ್ ದಾವೆಯ ಪ್ರತಿಯೊಂದು ನಿಯಮಕ್ಕೂ ಅದು ಕಟ್ಟುಬಿದ್ದಿಲ್ಲವಾದರೂ, ವಾಯಿದೆ ಕೊಡಬೇಕೇ ಬೇಡವೇ ಎಂದು ಅಳೆಯುವಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ತತ್ವಗಳೇ ಅಳತೆಗೋಲು.

ವೈದ್ಯಕೀಯ ನಿರ್ಲಕ್ಷ್ಯದಿಂದ ಹಾನಿಗೊಳಗಾದವರು ಗ್ರಾಹಕ ಆಯೋಗದ ಮೊರೆ ಹೋಗಿದ್ದರೆ ಅಲ್ಲಿನ ನಿಯಮ ಪ್ರತ್ಯೇಕ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 38ನೇ ಕಲಮಿನ ಪ್ರಕಾರ ಸಾಕಷ್ಟು ಕಾರಣವಿಲ್ಲದೆ ವಾಯಿದೆ ನೀಡುವಂತಿಲ್ಲ. ನೀಡಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅಂದರೆ ವೇದಿಕೆ ಯಾವುದೇ ಇರಲಿ, ಸಕಾರಣವಿಲ್ಲದ ವಾಯಿದೆಗೆ ಕಾನೂನಿನ ಒಪ್ಪಿಗೆಯಿಲ್ಲ.

ಕಾನೂನಿನ ಅಕ್ಷರ

17ನೇ ಆದೇಶದ ಮೊದಲ ನಿಯಮ ಸ್ಪಷ್ಟವಾಗಿದೆ. ಸಾಕಷ್ಟು ಕಾರಣ ತೋರಿಸಿದರೆ ನ್ಯಾಯಾಲಯ ಯಾವುದೇ ಹಂತದಲ್ಲಿ ಕಾಲಾವಕಾಶ ನೀಡಬಹುದು. ಆದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ದಾವೆಯ ವಿಚಾರಣೆಯ ಅವಧಿಯಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ವಾಯಿದೆ ಕೊಡುವಂತಿಲ್ಲ. 1999ರ ತಿದ್ದುಪಡಿಯ ಮೂಲಕ ಸೇರಿದ ಈ ಮಿತಿ 2002ರ ಜುಲೈ 1ರಿಂದ ಜಾರಿಯಲ್ಲಿದೆ.

ಅದೇ ನಿಯಮದಲ್ಲಿ ಇನ್ನಷ್ಟು ಷರತ್ತುಗಳಿವೆ. ಸಾಕ್ಷಿ ವಿಚಾರಣೆ ಒಮ್ಮೆ ಆರಂಭವಾದರೆ, ಹಾಜರಿರುವ ಸಾಕ್ಷಿಗಳೆಲ್ಲ ಮುಗಿಯುವವರೆಗೆ ಅದು ದಿನದಿಂದ ದಿನಕ್ಕೆ ಮುಂದುವರಿಯಬೇಕು. ಅಸಾಧಾರಣ ಕಾರಣವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಕಕ್ಷಿದಾರನ ಹತೋಟಿ ಮೀರಿದ ಸಂದರ್ಭವಿದ್ದರಷ್ಟೇ ಅವನ ಕೋರಿಕೆಗೆ ಮನ್ನಣೆ. ವಕೀಲರು ಬೇರೊಂದು ನ್ಯಾಯಾಲಯದಲ್ಲಿ ಕಾರ್ಯನಿರತರಾಗಿದ್ದಾರೆ ಎಂಬುದು ವಾಯಿದೆಗೆ ಕಾರಣವೇ ಅಲ್ಲ. ನಿತ್ಯವೂ ಅತಿ ಹೆಚ್ಚು ಕೇಳಿಬರುವ ಕಾರಣ ಇದೇ ಆಗಿರುವುದು ವಿಪರ್ಯಾಸ.

ವಕೀಲರ ಅನಾರೋಗ್ಯದ ವಿಷಯದಲ್ಲೂ ನಿಯಮ ಒಂದು ಪ್ರಶ್ನೆ ಕೇಳುತ್ತದೆ: ಸಕಾಲದಲ್ಲಿ ಇನ್ನೊಬ್ಬ ವಕೀಲರನ್ನು ಗೊತ್ತುಮಾಡಿಕೊಳ್ಳಲು ಕಕ್ಷಿದಾರನಿಗೆ ಸಾಧ್ಯವಿತ್ತೇ? ಸಾಧ್ಯವಿರಲಿಲ್ಲ ಎಂದು ಮನವರಿಕೆಯಾದರೆ ಮಾತ್ರ ಕಾಲಾವಕಾಶ. ಸಾಕ್ಷಿ ಹಾಜರಿದ್ದೂ ಪಾಟಿ ಸವಾಲು ನಡೆಸಬೇಕಾದವರು ಸಿದ್ಧರಿಲ್ಲದಿದ್ದರೆ, ಪಾಟಿ ಸವಾಲನ್ನೇ ಕೈಬಿಟ್ಟು ಸಾಕ್ಷಿಯ ಹೇಳಿಕೆಯನ್ನು ದಾಖಲಿಸಿಕೊಳ್ಳುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ವಕೀಲರ ಕಲಾಪ ಬಹಿಷ್ಕಾರದ ದಿನಗಳ ಪ್ರಶ್ನೆಯೂ ಆಗಾಗ ಏಳುತ್ತದೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಅಂಥ ದಿನದಲ್ಲೂ ಕಕ್ಷಿದಾರ ಖುದ್ದಾಗಿ ಹಾಜರಿದ್ದು, ತನ್ನ ಹಾಜರಾತಿಯನ್ನು ನ್ಯಾಯಾಧೀಶರ ಗಮನಕ್ಕೆ ತರುವುದೇ ಸುರಕ್ಷಿತ ಮಾರ್ಗ.

ಮೂರರ ಗೆರೆ ದಾಟಬಹುದೇ?

ಮೂರು ವಾಯಿದೆ ಮುಗಿದ ಮೇಲೆ ಗಾಯಾಳು ಹಠಾತ್ತನೆ ಮತ್ತೆ ಆಸ್ಪತ್ರೆ ಸೇರಿದರೆ ಗತಿಯೇನು? ಈ ಪ್ರಶ್ನೆಗೆ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರ ಆಗಸ್ಟ್ 2ರಂದು ಉತ್ತರ ನೀಡಿತು. ತಿದ್ದುಪಡಿಯ ಸಿಂಧುತ್ವವನ್ನು ಎತ್ತಿಹಿಡಿದ ನ್ಯಾಯಾಲಯ, ಮೂರರ ಮಿತಿಯನ್ನು ಕುರುಡಾಗಿ ಅನ್ವಯಿಸಬಾರದು ಎಂದಿತು. ಕಕ್ಷಿದಾರ ಏಕಾಏಕಿ ಆಸ್ಪತ್ರೆಗೆ ದಾಖಲಾಗುವುದು, ಗಂಭೀರ ಅಪಘಾತ, ದೈವಿಕ ವಿಕೋಪ ಮೊದಲಾದ ಸಂದರ್ಭಗಳಲ್ಲಿ ನಾಲ್ಕನೆಯ ಬಾರಿಯೂ ಕಾಲಾವಕಾಶ ನೀಡಬಹುದು. ಭೋಪಾಲ್ ಅನಿಲ ದುರಂತ, ಗುಜರಾತ್ ಭೂಕಂಪ, ಸುನಾಮಿಗಳನ್ನು ನ್ಯಾಯಾಲಯ ಉದಾಹರಿಸಿತ್ತು.

ಈ ತೀರ್ಪಿಗೆ ಇನ್ನೊಂದು ಮುಖವೂ ಇದೆ. ಮೊದಲ ಮೂರು ವಾಯಿದೆಗಳು ಹಕ್ಕಿನಿಂದ ಸಿಗುವಂಥವಲ್ಲ. ಮೊದಲನೆಯ ವಾಯಿದೆಗೂ ಸಕಾರಣ ಬೇಕು. 2011ರಲ್ಲಿ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರಿದ್ದ ಪೀಠ ಕೂಡ, ಕೇಳಿದಾಗಲೆಲ್ಲ ವಾಯಿದೆ ಪಡೆಯುವ ಹಕ್ಕು ಯಾವ ಕಕ್ಷಿದಾರನಿಗೂ ಇಲ್ಲ ಎಂಬ ನಿಲುವು ತಳೆಯಿತು. ಪಾಟಿ ಸವಾಲಿಗಾಗಿ ಪದೇ ಪದೇ ವಾಯಿದೆ ಪಡೆದಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಈ ವಾಯಿದೆ ಸಂಸ್ಕೃತಿಯ ಬಗ್ಗೆಯೇ ತೀವ್ರ ಅಸಮಾಧಾನ ವ್ಯಕ್ತಪಡಿಸಿತು.

ಕಾಯಲೇಬೇಕಾದ ಸಂದರ್ಭ

ಆಸ್ತಿ ವ್ಯಾಜ್ಯಕ್ಕೂ ಗಾಯಾಳುವಿನ ಪ್ರಕರಣಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಜಮೀನಿನ ಅಳತೆ ವಿಚಾರಣೆಯ ನಡುವೆ ಬದಲಾಗುವುದಿಲ್ಲ. ಗಾಯಾಳುವಿನ ದೇಹ ಬದಲಾಗುತ್ತಲೇ ಇರುತ್ತದೆ. ಕೂಡುತ್ತದೆ ಎಂದುಕೊಂಡ ಮೂಳೆ ಕೂಡದೇ ಇರಬಹುದು. ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ತಿಂಗಳುಗಳ ನಂತರ ಮರೆವು, ಮೂರ್ಛೆಗಳ ರೂಪದಲ್ಲಿ ಪ್ರಕಟವಾಗಬಹುದು. ಪರಿಹಾರದ ಮೊತ್ತ ನಿಂತಿರುವುದು ಈ ಅಂತಿಮ ಸ್ಥಿತಿಯ ಮೇಲೆ.

ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಮೋಟಾರು ವಾಹನ ಕಾಯಿದೆಯಲ್ಲಿ ಅಂತಿಮ ತೀರ್ಪಿನ ನಂತರ ಮತ್ತೊಂದು ಪರಿಹಾರ ಆದೇಶ ಹೊರಡಿಸಲು ಅವಕಾಶವಿಲ್ಲ. ಸುಪ್ರೀಂ ಕೋರ್ಟ್ 2002ರ ಡಿಸೆಂಬರ್ 3ರ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಗಾಯಾಳುವಿಗೆ ಮುಂದೆಯೂ ಕಾಲಕಾಲಕ್ಕೆ ಚಿಕಿತ್ಸೆ ಬೇಕಾಗುವುದಾದರೆ, ಅಂತಿಮ ತೀರ್ಪಿನ ಸಮಯದಲ್ಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಪರಿಹಾರ ನಿಗದಿಪಡಿಸಬೇಕು. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚಿನ ಪರಿಹಾರ ನೀಡಲೂ ಅಡ್ಡಿಯಿಲ್ಲ ಎಂಬುದು ಅದೇ ತೀರ್ಪಿನ ಇನ್ನೊಂದು ಅಂಶ. ಮೇಲ್ಮನವಿಯ ದಾರಿಯನ್ನು ಬಿಟ್ಟರೆ ಗಾಯಾಳುವಿಗೆ ಸಿಗುವುದು ಒಂದೇ ಅವಕಾಶ. ಆ ಅವಕಾಶ ದೇಹಸ್ಥಿತಿ ಸ್ಪಷ್ಟವಾಗುವ ಮೊದಲೇ ಮುಗಿದುಹೋದರೆ ನಷ್ಟ ಜೀವನಪರ್ಯಂತದ್ದು.

ಒಂದು ಕಾಲ್ಪನಿಕ ಲೆಕ್ಕದಿಂದ ಇದು ಮನದಟ್ಟಾಗುತ್ತದೆ. ತಿಂಗಳಿಗೆ 15 ಸಾವಿರ ರೂಪಾಯಿ ದುಡಿಯುತ್ತಿದ್ದ 34 ವರ್ಷದ ಗಾರೆ ಕೆಲಸಗಾರನೊಬ್ಬನ ತೊಡೆಮೂಳೆ ಮುರಿದಿದೆ ಎಂದುಕೊಳ್ಳೋಣ. ಅವನ ವಾರ್ಷಿಕ ಆದಾಯ 1.80 ಲಕ್ಷ ರೂಪಾಯಿ. ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಕೋಷ್ಟಕದಂತೆ 31ರಿಂದ 35 ವರ್ಷದವರಿಗೆ ಗುಣಕ 16. ದುಡಿಮೆಯ ಸಾಮರ್ಥ್ಯ ಶೇ 15ರಷ್ಟು ಕುಂದಿದೆ ಎಂದು ತೀರ್ಮಾನವಾದರೆ ಭವಿಷ್ಯದ ಆದಾಯ ನಷ್ಟ 4.32 ಲಕ್ಷ ರೂಪಾಯಿ. ಮೂಳೆ ಸರಿಯಾಗಿ ಕೂಡದೆ ಈ ಪ್ರಮಾಣ ಶೇ 25 ಎಂದಾದರೆ ಅದು 7.20 ಲಕ್ಷ. ಮುಂದಿನ ದಿನಗಳ ಆದಾಯ ಹೆಚ್ಚಳವನ್ನು ಸೇರಿಸದೆಯೇ ವ್ಯತ್ಯಾಸ 2.88 ಲಕ್ಷ ರೂಪಾಯಿ. ಮೂಳೆ ಕೂಡಿದೆಯೇ ಇಲ್ಲವೇ ಎಂಬುದು ತಿಳಿಯುವ ಮುನ್ನವೇ ವಾದ ಮುಗಿಸಿದರೆ ಈ ಹಣ ಕೈತಪ್ಪುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಮುಂದೆ ಶಸ್ತ್ರಚಿಕಿತ್ಸೆಯಿದೆ ಎಂದ ಮಾತ್ರಕ್ಕೆ ವಿಚಾರಣೆಯನ್ನು ತಡೆಹಿಡಿಯಬೇಕಾಗಿಲ್ಲ. ಮೂಳೆ ಕೂಡಿದ ಮೇಲೆ ಒಳಗಿರುವ ರಾಡು, ಪ್ಲೇಟುಗಳನ್ನು ತೆಗೆಸುವಂಥ ಚಿಕಿತ್ಸೆಯ ವೆಚ್ಚವನ್ನು ವೈದ್ಯರ ಅಂದಾಜು ಪತ್ರದ ಆಧಾರದ ಮೇಲೆ ಭವಿಷ್ಯದ ವೈದ್ಯಕೀಯ ವೆಚ್ಚವೆಂದು ಕೇಳಬಹುದು. ಚಿಕಿತ್ಸೆಯ ಫಲಿತಾಂಶದಿಂದ ಅಂಗವೈಕಲ್ಯದ ಪ್ರಮಾಣವೇ ಬದಲಾಗುವಂತಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಕೇವಲ ಖರ್ಚಿನ ಪ್ರಶ್ನೆಯಾದರೆ ಅಂದಾಜು ಪತ್ರ ಸಾಕು.

ಕಾಯುವುದರ ಬೆಲೆ

ಪರಿಹಾರದ ಮೊತ್ತಕ್ಕೆ ಬಡ್ಡಿ ಬರುತ್ತದೆ, ಹಾಗಾಗಿ ತಡವಾದರೂ ನಷ್ಟವಿಲ್ಲ ಎಂಬ ಮಾತು ನ್ಯಾಯಾಲಯದ ಪಡಸಾಲೆಗಳಲ್ಲಿ ಕೇಳಿಬರುವುದುಂಟು. ಇದು ಅರ್ಧಸತ್ಯ. ಕಾಯಿದೆಯ 171ನೇ ಕಲಮಿನ ಪ್ರಕಾರ ನ್ಯಾಯಮಂಡಳಿ ಸರಳ ಬಡ್ಡಿ ನೀಡಬಹುದು. ಅದರ ದರವನ್ನೂ, ಯಾವ ದಿನದಿಂದ ಎಂಬುದನ್ನೂ ಮಂಡಳಿಯೇ ನಿರ್ಧರಿಸುತ್ತದೆ. ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನ ಅವಧಿಗೆ ಬಡ್ಡಿಯಿಲ್ಲ. ಅರ್ಜಿದಾರನ ಕಡೆಯಿಂದಲೇ ವಿಳಂಬವಾಗಿದ್ದರೆ ಆ ಅವಧಿಯ ಬಡ್ಡಿಯನ್ನು ಮಂಡಳಿ ನಿರಾಕರಿಸಲೂಬಹುದು.

ಮತ್ತೊಂದು ಉದಾಹರಣೆ ನೋಡೋಣ. 5 ಲಕ್ಷ ರೂಪಾಯಿ ಪರಿಹಾರಕ್ಕೆ ವಾರ್ಷಿಕ ಶೇ 6ರಂತೆ ಒಂದು ವರ್ಷದ ಬಡ್ಡಿ 30 ಸಾವಿರ ರೂಪಾಯಿ. ಅದೇ ಗಾಯಾಳು ಆಸ್ಪತ್ರೆಯ ಬಿಲ್ಲಿಗಾಗಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 2 ಲಕ್ಷ ರೂಪಾಯಿ ಕೈಸಾಲ ಮಾಡಿದ್ದರೆ ವರ್ಷಕ್ಕೆ ಕಟ್ಟಬೇಕಾದ ಬಡ್ಡಿ 48 ಸಾವಿರ. ಕೋರ್ಟಿನ ಬಡ್ಡಿ ಸಾಲದ ಬಡ್ಡಿಯನ್ನು ಸರಿದೂಗಿಸುವುದಿಲ್ಲ. ಇದಲ್ಲದೆ ಪ್ರತಿ ವಾಯಿದೆಯ ದಿನ ಗಾಯಾಳುವಿನದಷ್ಟೇ ಅಲ್ಲ, ಅವನನ್ನು ಕರೆತರುವ ಮಡದಿಯ ಅಥವಾ ತಮ್ಮನ ದಿನಗೂಲಿಯೂ ಹೋಗುತ್ತದೆ. ಆಟೊ ಬಾಡಿಗೆ ಬೇರೆ.

ಹಣವಲ್ಲದ ನಷ್ಟಗಳೂ ಇವೆ. ಕಾಲ ಸರಿದಂತೆ ಅಪಘಾತ ನೋಡಿದವರ ನೆನಪು ಮಸುಕಾಗುತ್ತದೆ. ಸಾಕ್ಷಿಗಳು ಊರು ಬಿಡುತ್ತಾರೆ. ಚಿಕಿತ್ಸೆ ನೀಡಿದ ವೈದ್ಯರು ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಗಾಯಾಳುವೇ ತೀರಿಕೊಂಡರೆ ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ದಾಟುತ್ತದೆ ಎಂದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ, ನಿಜ. ಆದರೆ ತನ್ನ ನೋವನ್ನು ತನ್ನ ಬಾಯಿಂದಲೇ ಹೇಳಬಲ್ಲ ಸಾಕ್ಷಿ ಆಗ ಇರುವುದಿಲ್ಲ.

ವೈದ್ಯರು ಬಾರದಿದ್ದರೆ

ಗಾಯಾಳುವಿನ ಪ್ರಕರಣಗಳು ಕುಂಟುತ್ತಾ ಸಾಗುವುದು ಬಹುತೇಕ ವೈದ್ಯರ ಸಾಕ್ಷ್ಯದ ಹಂತದಲ್ಲಿ. ಅಂಗವೈಕಲ್ಯದ ಪ್ರಮಾಣಪತ್ರವೊಂದನ್ನು ಹಾಜರುಪಡಿಸಿದರೆ ಸಾಲದು. ಅದನ್ನು ನೀಡಿದ ಅಥವಾ ಚಿಕಿತ್ಸೆ ನಡೆಸಿದ ವೈದ್ಯರು ಸಾಕ್ಷಿ ನುಡಿದು ವಿಮಾ ಕಂಪನಿಯ ವಕೀಲರ ಪಾಟಿ ಸವಾಲಿಗೆ ಉತ್ತರಿಸಬೇಕಾಗುತ್ತದೆ. ಹೊರರೋಗಿ ವಿಭಾಗ, ಶಸ್ತ್ರಚಿಕಿತ್ಸೆಗಳ ನಡುವೆ ವೈದ್ಯರಿಗೆ ಬಿಡುವು ಸಿಗುವುದು ಕಷ್ಟ. ವೈದ್ಯರು ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ.

ಈ ಸಮಸ್ಯೆಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ ಎಂದೋ ಸೂಚಿಸಿದೆ. 2010ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಬರೆದ ತೀರ್ಪಿನ ಪ್ರಕಾರ, ವೈದ್ಯರನ್ನು ಬಲವಂತದಿಂದ ಕರೆಸುವುದು ಮದ್ದಲ್ಲ. ಅವರ ಸಮಯಕ್ಕೆ ಬೆಲೆ ಕೊಡಬೇಕು. ಸಾಧ್ಯವಾದಷ್ಟೂ ಅವರ ಅನುಕೂಲ ವಿಚಾರಿಸಿ ಕೋರ್ಟ್ ಕಮಿಷನರ್ ಮೂಲಕ ಸಾಕ್ಷ್ಯ ದಾಖಲಿಸಬೇಕು. ನ್ಯಾಯಾಲಯಕ್ಕೇ ಬಂದರೆ ಕಾಯಿಸಬಾರದು. ಬೆಳಿಗ್ಗೆಯಿಂದಲೇ ಕುಳ್ಳಿರಿಸುವ ಬದಲು ನಿರ್ದಿಷ್ಟ ವೇಳೆ ನೀಡಬೇಕು. ಪ್ರಮಾಣಪತ್ರದ ಬಗ್ಗೆ ಎದುರುದಾರರ ತಕರಾರಿಲ್ಲದಿದ್ದರೆ ಒಪ್ಪಿಗೆಯ ಮೇರೆಗೆ ಅದನ್ನು ಗುರುತಿಸಿ ಮೌಖಿಕ ಸಾಕ್ಷ್ಯವನ್ನು ಕೈಬಿಡಬಹುದು.

ಆದ್ದರಿಂದ ವೈದ್ಯರು ಬಂದಿಲ್ಲ ಎಂದು ಎರಡನೆಯ ಬಾರಿ ವಾಯಿದೆ ಕೇಳುವ ಬದಲು ಕಮಿಷನರ್ ನೇಮಕಕ್ಕೆ ಅರ್ಜಿ ಹಾಕುವುದು ಜಾಣತನ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ನಿಯಮಗಳನ್ನು ರೂಪಿಸಿದ್ದು, ದೂರದ ಊರಿನಲ್ಲಿರುವ ವೈದ್ಯರ ಹೇಳಿಕೆ ಪಡೆಯಲು ಆ ದಾರಿಯನ್ನೂ ಕೋರಬಹುದು. ಗಾಯಾಳುವೇ ಹಾಸಿಗೆ ಹಿಡಿದಿದ್ದರೆ ಅವನ ಸಾಕ್ಷ್ಯವನ್ನೂ ಮನೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಕಮಿಷನರ್ ಮೂಲಕ ದಾಖಲಿಸಲು ಸಂಹಿತೆಯ 26ನೇ ಆದೇಶದಲ್ಲಿ ಅವಕಾಶವಿದೆ.

ಅರ್ಜಿ ಹೇಗಿರಬೇಕು

ವಾಯಿದೆ ಬೇಕೇಬೇಕು ಎಂದಾದಾಗ ಕೊನೆಯ ಗಳಿಗೆಯಲ್ಲಿ ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಲಿಖಿತ ಅರ್ಜಿ ಸಲ್ಲಿಸುವುದು ಮೇಲು. 17ನೇ ಆದೇಶದ 1ನೇ ನಿಯಮವನ್ನು ಉಲ್ಲೇಖಿಸಿ, ಕಾರಣಗಳನ್ನು ವಿವರಿಸುವ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬೇಕು. ಕಕ್ಷಿದಾರ ಆಸ್ಪತ್ರೆಯಲ್ಲಿದ್ದರೆ ವಿಷಯ ಬಲ್ಲ ಕುಟುಂಬದ ಸದಸ್ಯರು ಪ್ರಮಾಣ ಮಾಡಬಹುದು. ವಿಚಾರಣೆಯ ದಿನಕ್ಕಿಂತ ಮೊದಲೇ ಎದುರುದಾರರ ವಕೀಲರಿಗೆ ಪ್ರತಿ ನೀಡಿದರೆ ಆಕ್ಷೇಪಣೆಯ ತೀವ್ರತೆ ಕಡಿಮೆಯಾಗುತ್ತದೆ. ಅವರ ಸಾಕ್ಷಿಗಳು ವ್ಯರ್ಥವಾಗಿ ಬಂದು ಹೋಗುವುದೂ ತಪ್ಪುತ್ತದೆ.

ಅರ್ಜಿಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು. ಮೊದಲನೆಯದು, ಈ ದಿನ ವಿಚಾರಣೆ ಏಕೆ ಸಾಧ್ಯವಿಲ್ಲ? ಎರಡನೆಯದು, ಈ ಕಾರಣ ಕಕ್ಷಿದಾರನ ಹತೋಟಿಯಲ್ಲಿತ್ತೇ? ಮೂರನೆಯದು, ಮುಂದಿನ ದಿನಾಂಕದೊಳಗೆ ಏನು ಆಗುತ್ತದೆ? ನಾಲ್ಕನೆಯದು, ಎಷ್ಟು ದಿನ ಬೇಕು? ಚಿಕಿತ್ಸೆ ಬಾಕಿಯಿದೆ ಎಂದಷ್ಟೇ ಬರೆದರೆ ಅರ್ಜಿ ದುರ್ಬಲವಾಗುತ್ತದೆ. ಯಾವ ಶಸ್ತ್ರಚಿಕಿತ್ಸೆ, ಯಾವ ದಿನ ನಿಗದಿಯಾಗಿದೆ, ಎಷ್ಟು ವಾರಗಳ ನಂತರ ಅಂಗವೈಕಲ್ಯದ ಪರೀಕ್ಷೆ ಸಾಧ್ಯ ಎಂದು ವೈದ್ಯರು ಬರೆದುಕೊಟ್ಟ ಪತ್ರವಿದ್ದರೆ ಅದಕ್ಕೆ ಬಲ ಬರುತ್ತದೆ.

ಜತೆಗೆ ಇತ್ತೀಚಿನ ಎಕ್ಸ್‌ರೇ ವರದಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಒಳರೋಗಿಯಾಗಿ ದಾಖಲಾದ ಚೀಟಿಗಳನ್ನು ಲಗತ್ತಿಸಬೇಕು. ಹಿಂದೆ ಎಷ್ಟು ಬಾರಿ, ಯಾವ ಕಾರಣಕ್ಕೆ ವಾಯಿದೆ ಪಡೆಯಲಾಗಿದೆ ಎಂಬುದನ್ನು ಮುಚ್ಚಿಡಬಾರದು. ಅದೆಲ್ಲ ಆದೇಶ ಹಾಳೆಯಲ್ಲಿ ದಾಖಲಾಗಿರುತ್ತದೆ. ನ್ಯಾಯಾಧೀಶರು ಮೊದಲು ತಿರುವಿಹಾಕುವುದೇ ಆ ಹಾಳೆಯನ್ನು. ಬೇರೆ ಸಾಕ್ಷಿಗಳು ಸಿದ್ಧರಿದ್ದರೆ, ವೈದ್ಯಕೀಯ ಸಾಕ್ಷ್ಯಕ್ಕೆ ಮಾತ್ರ ಕಾಲಾವಕಾಶ ಕೇಳಿ ಉಳಿದದ್ದನ್ನು ಮುಂದುವರಿಸುವಂತೆ ಕೋರುವುದು ಕಕ್ಷಿದಾರನ ಪ್ರಾಮಾಣಿಕತೆಗೆ ಸಾಕ್ಷಿಯಾಗುತ್ತದೆ.

ಅರ್ಜಿ ಹಾಕಿದ ಮಾತ್ರಕ್ಕೆ ವಾಯಿದೆ ಸಿಕ್ಕಿತು ಎಂದು ಭಾವಿಸಿ ಗೈರುಹಾಜರಾಗುವುದು ಅಪಾಯಕಾರಿ. ಆದೇಶವಾಗುವವರೆಗೆ ಮೂಲ ದಿನಾಂಕವೇ ಊರ್ಜಿತ. ಮುಂದಿನ ದಿನಾಂಕವನ್ನು ವಕೀಲರ ಗುಮಾಸ್ತರ ಮಾತಿಗಷ್ಟೇ ಬಿಡದೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಪ್ರಕರಣದ ಸಂಖ್ಯೆ ನಮೂದಿಸಿ ಖಚಿತಪಡಿಸಿಕೊಳ್ಳಬಹುದು.

ವಿಮಾ ಕಂಪನಿ ವಾಯಿದೆ ಕೇಳಿದಾಗ

ವಿಳಂಬ ಎಂದೂ ಒಂದೇ ಕಡೆಯದ್ದಲ್ಲ. ಚಾಲಕನ ಪರವಾನಗಿಯ ದಾಖಲೆ ಬಂದಿಲ್ಲ, ಆರ್‌ಟಿಒ ಕಚೇರಿಯ ಸಾಕ್ಷಿ ಬಂದಿಲ್ಲ, ಕಡತ ಇನ್ನೂ ಕೈಸೇರಿಲ್ಲ ಎಂಬ ಕಾರಣಗಳಿಗೆ ಎದುರುದಾರರೂ ವಾಯಿದೆ ಕೇಳುತ್ತಾರೆ. ಹಣ ಕೊಡಬೇಕಾದವರಿಗೆ ವಿಳಂಬದಿಂದ ಆತುರವೇನೂ ಇರುವುದಿಲ್ಲ. ಇಂಥ ಸಂದರ್ಭದಲ್ಲಿ ಗಾಯಾಳುವಿನ ವಕೀಲರು ಮೌನವಾಗಿರಬೇಕಿಲ್ಲ. ಆಕ್ಷೇಪಣೆಯನ್ನು ಆದೇಶ ಹಾಳೆಯಲ್ಲಿ ದಾಖಲಿಸುವಂತೆ ಕೋರಬಹುದು. ಹಿಂದಿನ ವಾಯಿದೆಗಳ ಪಟ್ಟಿಯನ್ನು ನ್ಯಾಯಾಧೀಶರ ಮುಂದಿಡಬಹುದು.

ವಾಯಿದೆ ಕೊಡುವಾಗ ಅದರಿಂದಾದ ವೆಚ್ಚದ ಬಗ್ಗೆ ಆದೇಶ ಮಾಡಬೇಕೆಂದು ನಿಯಮವೇ ಹೇಳುತ್ತದೆ. ನ್ಯಾಯಾಲಯಕ್ಕೆ ಸರಿ ಕಂಡರೆ ಅದಕ್ಕಿಂತ ಹೆಚ್ಚಿನ ವೆಚ್ಚವನ್ನೂ ವಿಧಿಸಬಹುದು. ಸಂಹಿತೆಯ 35-ಬಿ ಕಲಮಿನ ಪ್ರಕಾರ ವಿಳಂಬಕ್ಕೆ ಕಾರಣನಾದ ಕಕ್ಷಿದಾರ ಮುಂದಿನ ದಿನಾಂಕದಂದು ಆ ವೆಚ್ಚ ಪಾವತಿಸಿದರಷ್ಟೇ ತನ್ನ ವಾದ ಅಥವಾ ಪ್ರತಿವಾದವನ್ನು ಮುಂದುವರಿಸಬಹುದು. ವೆಚ್ಚ ಕೇಳುವುದು ಸಣ್ಣತನ ಎಂಬ ಸಂಕೋಚ ಹಲವರಲ್ಲಿದೆ. ಆದರೆ ಪೊಳ್ಳು ವಾಯಿದೆಗೆ ಕಡಿವಾಣ ಹಾಕಲು ಇದಕ್ಕಿಂತ ನೇರವಾದ ಉಪಾಯ ಬೇರಿಲ್ಲ. ಈ ನಿಯಮ ಗಾಯಾಳುವಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ರಾಜಿಗಾಗಿ ವಾಯಿದೆ ಕೇಳಿದಾಗ ಮಾತ್ರ ಸ್ವಲ್ಪ ತಾಳ್ಮೆ ಒಳ್ಳೆಯದು. ಲೋಕ ಅದಾಲತ್‌ನಲ್ಲಿ ಪ್ರಕರಣ ಇತ್ಯರ್ಥವಾದರೆ ಅದರ ವಿರುದ್ಧ ಮೇಲ್ಮನವಿ ಇಲ್ಲ, ಹಣ ಬೇಗ ಕೈಸೇರುವ ಸಾಧ್ಯತೆ ಹೆಚ್ಚು. ಆದರೆ ಎಷ್ಟು ಮೊತ್ತಕ್ಕೆ ರಾಜಿ, ಯಾವ ದಿನಾಂಕದೊಳಗೆ ಎಂಬ ಸ್ಪಷ್ಟತೆಯಿಲ್ಲದ 'ಮಾತುಕತೆ' ಮತ್ತೊಂದು ವಾಯಿದೆಯ ನೆಪವಾಗಬಾರದು. ಇಲ್ಲಿಯೂ ಅಂಗವೈಕಲ್ಯದ ಪ್ರಮಾಣ ತಿಳಿಯುವ ಮೊದಲು ರಾಜಿಗೆ ಸಹಿ ಹಾಕಿದರೆ ಮತ್ತೆ ಕೇಳುವ ದಾರಿ ಮುಚ್ಚಿಹೋಗುತ್ತದೆ.

ಕೋರಿಕೆ ತಿರಸ್ಕೃತವಾದರೆ

ವಾಯಿದೆ ಕೋರಿಕೆ ತಿರಸ್ಕೃತವಾದಾಗ ಅಂದೇ ಲಭ್ಯವಿರುವ ಸಾಕ್ಷ್ಯವನ್ನು ಮುಂದಿಡಬೇಕು. ಸಾಕ್ಷ್ಯ ನೀಡದಿದ್ದರೆ ನ್ಯಾಯಾಲಯ ಅದನ್ನು ಮುಕ್ತಾಯವೆಂದು ದಾಖಲಿಸಿ ಮುಂದುವರಿಯಬಹುದು. ಹಾಗಾದಲ್ಲಿ ತಡಮಾಡದೆ ಸಾಕ್ಷ್ಯವನ್ನು ಪುನಃ ತೆರೆಯಲು, ಸಾಕ್ಷಿಯನ್ನು ಮರಳಿ ಕರೆಸಲು ಅರ್ಜಿ ಹಾಕಬೇಕು. ಆ ಅರ್ಜಿಯೊಂದಿಗೆ ಸಾಕ್ಷಿಯೂ ಹಾಜರಿದ್ದರೆ ಕೋರಿಕೆಗೆ ತೂಕ ಹೆಚ್ಚು. ಅರ್ಜಿದಾರನ ಗೈರುಹಾಜರಿಯಿಂದ ಪ್ರಕರಣವೇ ವಜಾ ಆಗಿದ್ದರೆ, ಪುನರ್‌ಸ್ಥಾಪನೆಗೆ ಸಂಹಿತೆಯ 9ನೇ ಆದೇಶದಡಿ ಅರ್ಜಿ ಸಲ್ಲಿಸಬೇಕು. ಸಿವಿಲ್ ದಾವೆಗಳಲ್ಲಿ ಇದಕ್ಕೆ ಕಾಲಮಿತಿ 30 ದಿನ. ನ್ಯಾಯಮಂಡಳಿಯ ಪ್ರಕರಣದಲ್ಲೂ ಅಷ್ಟರೊಳಗೆ ಧಾವಿಸುವುದೇ ಕ್ಷೇಮ.

ವಕೀಲರ ಸಮಸ್ಯೆಯೇ ವಿಳಂಬಕ್ಕೆ ಕಾರಣವಾಗಿದ್ದರೆ ಬದಲಿ ವ್ಯವಸ್ಥೆ ಮಾಡಿಕೊಳ್ಳಲು ಕಾನೂನು ಸೇವಾ ಪ್ರಾಧಿಕಾರದ ನೆರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಇದಕ್ಕಾಗಿ ಸಂಪರ್ಕಿಸಬಹುದು. ಸಹಾಯವಾಣಿ ಸಂಖ್ಯೆ 15100.

ಒಟ್ಟಿನಲ್ಲಿ ವಾಯಿದೆ ಗಾಯಾಳುವಿನ ಕೈಯಲ್ಲಿರುವ ಒಂದು ಸಾಧನ. ಬಳಸಿದಷ್ಟೂ ಅದರ ಹರಿತ ಕಡಿಮೆಯಾಗುತ್ತದೆ. ಮಳೆ, ಮದುವೆ, ಮರೆವುಗಳಿಗೆ ಮೊದಲೆರಡು ವಾಯಿದೆಗಳನ್ನು ಕಳೆದುಕೊಂಡವನು ಶಸ್ತ್ರಚಿಕಿತ್ಸೆಯ ಕಾರಣಕ್ಕೆ ಮೂರನೆಯದನ್ನು ಕೇಳಿದಾಗ ನಂಬುವವರು ಕಡಿಮೆ. ಮೊದಲಿನಿಂದಲೂ ತಪ್ಪದೆ ಹಾಜರಾಗಿ, ವೈದ್ಯರ ಪತ್ರ ಹಿಡಿದು, ಇಂಥ ದಿನದೊಳಗೆ ಸಾಕ್ಷ್ಯ ಮುಗಿಸುತ್ತೇನೆ ಎಂದು ಕೇಳಿದವನಿಗೆ ಕಾಲಾವಕಾಶ ದೊರೆಯುವ ಸಂಭವ ಹೆಚ್ಚು. ಮೂಳೆ ಕೂಡುವುದಕ್ಕೆ ಬೇಕಾದಷ್ಟು ಕಾಲ ಕೊಡಲು ಕಾನೂನಿನಲ್ಲಿ ಜಾಗವಿದೆ. ಅದಕ್ಕಿಂತ ಹೆಚ್ಚಿನ ಪ್ರತಿ ದಿನದ ಖರ್ಚನ್ನು ತೆರುವವನು ಗಾಯಾಳುವೇ.